ಸೌದೆ ಕಡಿಯುವುದೂ ಬೇಸಾಯದ ಕೆಲಸವೇ

ಮಲೆನಾಡಿನ ಒಕ್ಕಲುತನದಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಕಾಲವುಂಟು. ಸಸಿಮಡಿಗೆ ಒಂದು ಕಾಲ, ನಾಟಿಗೆ ಒಂದು ಕಾಲ, ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ಒಂದು ಕಾಲ. ಈ ಕಾಲಗಳು ತಪ್ಪಿದರೆ ಆಗುವ ನಷ್ಟವೇನೆಂದು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮಳೆಗಾಲಕ್ಕೆ ಬೇಕಾದ ಸೌದೆಯನ್ನು ಕಡಿದು, ಸೀಳಿ, ಒಟ್ಟುವ ಕೆಲಸಕ್ಕೆ ಮಾತ್ರ ಇಂಥದೇ ಕಾಲ ಎಂಬುದಿಲ್ಲ. ಉಳಿದ ಕೆಲಸಗಳೆಲ್ಲ ಮುಗಿದ ಮೇಲೆ, ಆಳು ಬಿಡುವಾದಾಗ, ಕೈಗೆ ಸಿಕ್ಕ ಕೊಡಲಿಯಿಂದ ಹೇಗೋ ಮುಗಿಸುವ ಕೆಲಸ ಅದು ಎಂಬ ಭಾವನೆ ಬಹಳ ಮಂದಿಯಲ್ಲಿದೆ. ಬೇಸಾಯದ ಪುಸ್ತಕಗಳಲ್ಲಿಯೂ ಅದಕ್ಕೊಂದು ಪಾಠವಿಲ್ಲ.

ಈ ಭಾವನೆ ಬದಲಾಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸೌದೆ ಕಡಿಯುವುದು ಬೇಸಾಯದ ಕೆಲಸಗಳಲ್ಲಿ ಒಂದು. ಅದೂ ಅತ್ಯಂತ ಅಪಾಯದ ಕೆಲಸಗಳಲ್ಲಿ ಒಂದು. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಕಾಲಿಗೆ ಕೊಡಲಿ ಬಿದ್ದು ಹಾಸಿಗೆ ಹಿಡಿದ ರೈತನಿಗೆ ಉತ್ತಮ ತಳಿಯ ಬೀಜವಿದ್ದು ಫಲವೇನು? ಗೊಬ್ಬರ ತಂದಿಟ್ಟು ಪ್ರಯೋಜನವೇನು? ಒಂದು ಪೆಟ್ಟಿನಿಂದ ಆ ವರ್ಷದ ನಾಟಿಯೂ ಹೋಗುತ್ತದೆ, ಆಸ್ಪತ್ರೆಯ ಖರ್ಚೂ ಬರುತ್ತದೆ. ಕೂಲಿಯಿಂದಲೇ ಬದುಕುವವನಾದರೆ ಮನೆಯ ಒಲೆಯೇ ಆರುತ್ತದೆ. ಇಂತಹ ಅನಾಹುತಗಳಲ್ಲಿ ಬಹುಪಾಲು ತಪ್ಪಿಸಬಹುದಾದವು. ಅದಕ್ಕೆ ಬೇಕಾದುದು ಮೂರು: ಸರಿಯಾದ ಕಾಲ, ಸರಿಯಾದ ಹತ್ಯಾರು, ಮತ್ತು ದುಡಿಯುವವನ ಮೈಗೆ ಬೆಲೆ ಕೊಡುವ ಮನಸ್ಸು.

ಅವಸರವೇ ಮೊದಲ ಶತ್ರು

ಮನೆಮನೆಗೆ ಅಡಿಗೆ ಅನಿಲ ಬಂದಿರುವಾಗ ಸೌದೆಯ ಮಾತೇಕೆ ಎಂದು ಕೆಲವರು ಕೇಳಬಹುದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ನಂತರ ಹಳ್ಳಿಗಳಲ್ಲಿ ಅನಿಲದ ಒಲೆಗಳು ಹೆಚ್ಚಿವೆ ಎಂಬುದು ನಿಜ. ಆದರೆ ಬಚ್ಚಲಿನ ಹಂಡೆಗೆ, ದನಗಳ ಬಾಯರು ಬೇಯಿಸಲು, ಅಡಿಕೆ ಬೇಯಿಸುವ ಒಲೆಗೆ ಇಂದಿಗೂ ಸೌದೆಯೇ ಬೇಕು. ಆಗುಂಬೆಯಂತಹ ಕಡೆ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆ ದಿನಗಳಲ್ಲಿ ಬಿಸಿನೀರಿಗೆ, ಒದ್ದೆ ಬಟ್ಟೆ ಆರಿಸುವುದಕ್ಕೆ, ಮೈ ಕಾಯಿಸಿಕೊಳ್ಳುವುದಕ್ಕೆ ಬೆಂಕಿ ಬೇಕೇ ಬೇಕು. ಬಯಲುಸೀಮೆಯವರಿಗೆ ಚಳಿಗಾಲದಲ್ಲಿ ಬೇಕಾದ ಸೌದೆ ಮಲೆನಾಡಿನವರಿಗೆ ಮಳೆಗಾಲದಲ್ಲಿ ಬೇಕು. ವ್ಯತ್ಯಾಸ ಅಷ್ಟೆ.

ಈಗ ಸಾಮಾನ್ಯವಾಗಿ ನಡೆಯುವುದೇನು? ಬೇಸಿಗೆಯಿಡೀ ಸೌದೆಯ ನೆನಪಾಗುವುದಿಲ್ಲ. ಕೃತ್ತಿಕೆ ಕಳೆದು ರೋಹಿಣಿ ಬಂದಾಗ, ಮೋಡ ಕಟ್ಟಿದ ಮೇಲೆ, ಒಮ್ಮೆಲೇ ಎಲ್ಲರಿಗೂ ಗಾಬರಿ. ಅದೇ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಬೇಕು, ಗದ್ದೆಗೆ ಗೊಬ್ಬರ ಸಾಗಿಸಬೇಕು, ಮಾಡಿನ ಹೆಂಚು ಕೈಯಾಡಿಸಬೇಕು. ಆಳುಗಳು ಸಿಗುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು, ಗಾಳಿ. ಮರದ ತೊಗಟೆ ಒದ್ದೆಯಾಗಿ ಜಾರುತ್ತದೆ, ಕೊಡಲಿಯ ಕಾವು ಕೈಯಲ್ಲಿ ನಿಲ್ಲುವುದಿಲ್ಲ. ದಿನವಿಡೀ ತೋಟದಲ್ಲಿ ದುಡಿದು ದಣಿದ ಮನುಷ್ಯ, ಮುಸ್ಸಂಜೆಯ ಮಬ್ಬಿನಲ್ಲಿ, ಒಬ್ಬನೇ ಕೊಡಲಿ ಎತ್ತುತ್ತಾನೆ. ಪೆಟ್ಟು ತಪ್ಪುವುದಕ್ಕೆ ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಾಗಿಲ್ಲ.

ಆದ್ದರಿಂದ ಸೌದೆಯ ಕೆಲಸಕ್ಕೆ ಒಂದು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ ಕಡಿಯುವುದು, ಶಿವರಾತ್ರಿಯೊಳಗೆ ಸೀಳುವುದು, ಯುಗಾದಿಯ ನಂತರದ ಬಿಸಿಲಿನಲ್ಲಿ ಒಣಗಲು ಬಿಟ್ಟು, ಮೇ ತಿಂಗಳ ಮೊದಲ ವಾರದೊಳಗೆ ಸೌದೆ ಕೊಟ್ಟಿಗೆಗೆ ಸೇರಿಸುವುದು. ಈ ಕ್ರಮವನ್ನು ಇಟ್ಟುಕೊಂಡರೆ ದಿನಕ್ಕೆ ಎರಡು ಮೂರು ಗಂಟೆ, ಅದೂ ಬೆಳಗಿನ ತಂಪು ಹೊತ್ತಿನಲ್ಲಿ ಕೆಲಸ ಮಾಡಿದರೂ ಸಾಕಾಗುತ್ತದೆ. ಅವಸರ ತಪ್ಪಿದರೆ ಅರ್ಧ ಅಪಾಯ ತಪ್ಪಿದಂತೆಯೇ.

ಹಸಿ ಸೌದೆಯ ನಷ್ಟ

ಬೇಗ ಕಡಿಯುವುದರಿಂದ ಇನ್ನೊಂದು ಲಾಭವುಂಟು. ಆಗ ತಾನೆ ಕಡಿದ ಹಸಿಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. 100 ಕಿ.ಗ್ರಾಂ. ಹಸಿ ಸೌದೆಯಲ್ಲಿ 50 ಕಿ.ಗ್ರಾಂ. ನೀರಿದೆ ಎಂದಿಟ್ಟುಕೊಳ್ಳಿ. ಒಂದು ಕಿ.ಗ್ರಾಂ. ನೀರನ್ನು ಕುದಿಸಿ ಆವಿಯಾಗಿಸಲು 600 ಕಿಲೋ ಕ್ಯಾಲೊರಿಗಿಂತ ಹೆಚ್ಚು ಶಾಖ ಬೇಕು. ಈ ಲೆಕ್ಕದಲ್ಲಿ ಆ 50 ಕಿ.ಗ್ರಾಂ. ನೀರನ್ನು ಓಡಿಸುವುದಕ್ಕೇ ಸುಮಾರು 7 ಕಿ.ಗ್ರಾಂ. ಪೂರ್ತಿ ಒಣಗಿದ ಸೌದೆ ಸುಟ್ಟುಹೋಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಹೊಗೆಯದು. ಹಸಿ ಸೌದೆಯ ಬೆಂಕಿ ಕಾವೇರುವುದಿಲ್ಲವಾದ್ದರಿಂದ ಸುಡಬೇಕಾದ ಅನಿಲಗಳು ಸುಡದೆ ಹೊಗೆಯಾಗಿ ಮಾಡಿನ ಪಾಲಾಗುತ್ತವೆ. ಆ ಹೊಗೆ ಹೋಗುವುದು ಮನೆಯ ಹೆಂಗಸರ ಕಣ್ಣಿಗೆ ಮತ್ತು ಶ್ವಾಸಕೋಶಕ್ಕೆ.

ಹಸಿ ಸೌದೆ ಉರಿಸುವವನು ಅದೇ ನೀರು ಕಾಯಿಸಲು ಹೆಚ್ಚು ಸೌದೆ ಕಡಿಯಬೇಕಾಗುತ್ತದೆ. ಹೆಚ್ಚು ಕಡಿದಷ್ಟೂ ಕೊಡಲಿಯ ಪೆಟ್ಟುಗಳು ಹೆಚ್ಚು. ಪೆಟ್ಟುಗಳು ಹೆಚ್ಚಿದಷ್ಟೂ ತಪ್ಪುವ ಸಂಭವ ಹೆಚ್ಚು. ಹೊರುವ ಭಾರವೂ ಹೆಚ್ಚು. ಮೇಲೆ ಹೇಳಿದ 100 ಕಿ.ಗ್ರಾಂ. ಸೌದೆಯೇ ಕಡಿದ ಜಾಗದಲ್ಲಿ ಒಣಗಿದರೆ 60-65 ಕಿ.ಗ್ರಾಂ.ಗೆ ಇಳಿಯುತ್ತದೆ. ಆಮೇಲೆ ಹೊತ್ತರೆ ಬೆನ್ನಿಗೆ ಆ ಭಾರವಿಲ್ಲ.

ಸೀಳಿದ ಸೌದೆ ಇಡೀ ದಿಮ್ಮಿಗಿಂತ ಬಹಳ ಬೇಗ ಒಣಗುತ್ತದೆ, ಏಕೆಂದರೆ ತೊಗಟೆ ನೀರನ್ನು ಸುಲಭವಾಗಿ ಹೊರಬಿಡುವುದಿಲ್ಲ. ಆದ್ದರಿಂದ ಕಡಿದ ಕೂಡಲೇ ಸೀಳುವುದು ಒಳ್ಳೆಯದು. ಒಣಗಿದೆಯೇ ಎಂದು ತಿಳಿಯಲು ನಾಲ್ಕೈದು ತುಂಡುಗಳಿಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗಿರಿ. ತೂಕ ಇಳಿಯುವುದು ನಿಂತರೆ ಸೌದೆ ಒಣಗಿದೆ ಎಂದರ್ಥ. ತಕ್ಕಡಿ ಇಲ್ಲದಿದ್ದರೆ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿ. ಒಣ ಸೌದೆ ಟಣ್ ಎನ್ನುತ್ತದೆ, ಹಸಿಯದು ಮಂಕಾಗಿ ಸದ್ದು ಮಾಡುತ್ತದೆ.

ಕೊಡಲಿಯ ಬಗ್ಗೆ ನಾಲ್ಕು ಮಾತು

ಹರಿತವಾದ ಕೊಡಲಿ ಅಪಾಯಕಾರಿ, ಮೊಂಡು ಕೊಡಲಿ ಸುರಕ್ಷಿತ ಎಂಬ ತಪ್ಪು ತಿಳುವಳಿಕೆ ಕೆಲವರಲ್ಲಿದೆ. ನಿಜಾಂಶ ಇದಕ್ಕೆ ವಿರುದ್ಧ. ಹರಿತವಾದ ಕೊಡಲಿ ಮರಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಮೊಂಡು ಕೊಡಲಿ ಮರದ ಮೇಲಿಂದ ಜಾರಿ ಕಾಲಿನ ಕಡೆಗೆ ಬರುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮೊದಲು ಸಾಣೆ ಹಿಡಿಯುವುದು ಅವಶ್ಯಕ.

ಎರಡನೆಯದು ಕಾವು. ಸಡಿಲವಾದ ಕೊಡಲಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಬಳಸುವ ರೂಢಿ ಎಲ್ಲ ಕಡೆಯೂ ಇದೆ. ನೀರು ಕುಡಿದ ಮರ ಉಬ್ಬಿ ಕೊಡಲಿ ಬಿಗಿಯಾದಂತೆ ಕಾಣುತ್ತದೆ. ಆದರೆ ಬಿಸಿಲಿಗೆ ಎರಡು ಗಂಟೆ ಕೆಲಸ ಮಾಡುವಷ್ಟರಲ್ಲಿ ಅದು ಪುನಃ ಒಣಗಿ ಕುಗ್ಗುತ್ತದೆ. ಆಗ ಎತ್ತಿದ ಕೊಡಲಿ ಕಾವಿನಿಂದ ಕಳಚಿ ಹಾರಿದರೆ ಎದುರಿಗಿದ್ದವರ ಗತಿಯೇನು? ಮೊಳೆ ಹೊಡೆದು ಬಿಗಿಮಾಡುವುದೂ ಸರಿಯಲ್ಲ. ನೇರ ಎಳೆಯಿರುವ, ಗಂಟಿಲ್ಲದ, ಚೆನ್ನಾಗಿ ಒಣಗಿದ ಗಟ್ಟಿಮರದ ಹೊಸ ಕಾವು ಹಾಕಿಸಿ, ಒಣ ಬೆಣೆಯಿಂದ ಬಿಗಿಗೊಳಿಸಬೇಕು. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂದು ಹಿರಿಯರು ಬೇರೆ ಅರ್ಥದಲ್ಲಿ ಹೇಳಿದರು. ಸಡಿಲ ಕಾವಿನ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ.

ಮೂರನೆಯದು ನಿಲ್ಲುವ ಭಂಗಿ. ಸೀಳಬೇಕಾದ ತುಂಡನ್ನು ಕಲ್ಲಿನ ಮೇಲಾಗಲಿ ಬರಿನೆಲದ ಮೇಲಾಗಲಿ ಇಡಬಾರದು. ಮೊಣಕಾಲಿಗಿಂತ ಸ್ವಲ್ಪ ತಗ್ಗಾದ ಅಗಲವಾದ ಕೊರಡಿನ ಮೇಲೆ, ನಮ್ಮಿಂದ ದೂರದ ಅಂಚಿಗೆ ಸರಿಸಿ ನಿಲ್ಲಿಸಬೇಕು. ಆಗ ಪೆಟ್ಟು ತಪ್ಪಿದರೂ ಕೊಡಲಿ ಕೊರಡಿಗೆ ಬೀಳುತ್ತದೆಯೇ ಹೊರತು ಮೊಣಕಾಲಿಗೆ ಬರುವುದಿಲ್ಲ. ಕಾಲುಗಳೆರಡನ್ನೂ ಅಗಲಿಸಿ ಸಮಾನವಾಗಿ ನಿಲ್ಲಬೇಕು. ತುಂಡನ್ನು ಕಾಲಿನಿಂದ ಮೆಟ್ಟಿ ಹಿಡಿಯುವುದಾಗಲಿ, ಇನ್ನೊಬ್ಬರಿಂದ ಕೈಯಲ್ಲಿ ಹಿಡಿಸುವುದಾಗಲಿ ಎಂದೆಂದಿಗೂ ಕೂಡದು.

ನಾಲ್ಕನೆಯದು ಸುತ್ತಮುತ್ತಲಿನ ಜನ. ಸೌದೆ ಸೀಳುವಲ್ಲಿ ಚಕ್ಕೆ ಆರಿಸಲು ಮಕ್ಕಳು ಬಂದು ಕುಳಿತುಕೊಳ್ಳುವುದನ್ನು ಪ್ರತಿ ಊರಿನಲ್ಲಿ ಕಾಣಬಹುದು. ಕನಿಷ್ಠ 15 ಅಡಿ ದೂರದಲ್ಲಿ ಯಾರೂ ಇರದಂತೆ ನೋಡಿಕೊಳ್ಳಬೇಕು. ಹಾರುವ ಚಕ್ಕೆಯಿಂದ ಕಣ್ಣನ್ನು ಕಾಪಾಡಿಕೊಳ್ಳಲು ಒಂದು ಸಾದಾ ಕನ್ನಡಕ ಸಾಕು. ಹವಾಯಿ ಚಪ್ಪಲಿಯಲ್ಲಿ ಸೌದೆ ಒಡೆಯುವುದಕ್ಕಿಂತ ಗದ್ದೆಗೆ ಬಳಸುವ ಗಂಬೂಟು ಎಷ್ಟೋ ಮೇಲು.

ನಿಂತ ಮರವನ್ನು ಬೀಳಿಸುವಾಗ

ಮರ ಕಡಿಯುವ ಮೊದಲು ಕಾನೂನಿನ ಮಾತು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರ ಪ್ರಕಾರ ಸ್ವಂತ ಜಮೀನಿನ ಮರವಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸೀಡಿಯ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಸಂದೇಹವಿದ್ದಲ್ಲಿ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಕದ್ದು ಕಡಿಯುವವನು ರಾತ್ರಿ ಕಡಿಯುತ್ತಾನೆ, ಗಾಬರಿಯಲ್ಲಿ ಕಡಿಯುತ್ತಾನೆ. ಅದೂ ಒಂದು ಅಪಾಯವೇ.

ಕೊಡಲಿ ಹಾಕುವ ಮೊದಲು ಮರದ ಸುತ್ತ ಒಂದು ಸುತ್ತು ಬಂದು ತಲೆಯೆತ್ತಿ ನೋಡಬೇಕು. ಒಣಗಿ ತೂಗುತ್ತಿರುವ ಕೊಂಬೆ ಇದೆಯೇ? ಪಕ್ಕದ ಮರಕ್ಕೆ ಹೆಣೆದುಕೊಂಡ ಬಳ್ಳಿಗಳಿವೆಯೇ? ಇದ್ದರೆ ಮರ ಬೀಳುವಾಗ ಪಕ್ಕದ ಮರದ ಕೊಂಬೆಯನ್ನೂ ಎಳೆದು ತಲೆಯ ಮೇಲೆ ಹಾಕುತ್ತವೆ. ಹೆಜ್ಜೇನಿನ ಹುಟ್ಟು ಇದೆಯೇ? ವಿದ್ಯುತ್ ತಂತಿ ಹತ್ತಿರವಿದೆಯೇ? ತಂತಿಯ ಮೇಲೆ ಬೀಳಬಹುದಾದ ಮರವನ್ನು ವಿದ್ಯುತ್ ಕಂಪನಿಯವರಿಗೆ ತಿಳಿಸಿ, ಲೈನ್ ನಿಲ್ಲಿಸಿದ ಮೇಲೆಯೇ ಮುಟ್ಟತಕ್ಕದ್ದು.

ಅನಂತರ ಓಡುವ ದಾರಿ. ಮರ ಬೀಳುವ ದಿಕ್ಕಿಗೆ ನೇರ ಹಿಂದಕ್ಕೆ ಓಡಬಾರದು, ಏಕೆಂದರೆ ಬೀಳುವ ಮರದ ಬುಡ ಹಿಂದಕ್ಕೆ ಚಿಮ್ಮುವುದುಂಟು. ಹಿಂದಕ್ಕೆ ಓರೆಯಾಗಿ, ಎಡಕ್ಕೊಂದು ಬಲಕ್ಕೊಂದು ದಾರಿಯನ್ನು ಮುಳ್ಳು ಪೊದೆ ಸವರಿ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕು. ಉಳಿದವರೆಲ್ಲರೂ ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕು.

ಮರ ಬೀಳಬೇಕಾದ ಕಡೆಗೆ ಮೊದಲು, ಬುಡದ ವ್ಯಾಸದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಆಳಕ್ಕೆ ಬಾಯಿ ತೆರೆದಂತೆ ಕಚ್ಚು ತೆಗೆಯಬೇಕು. ಆಮೇಲೆ ಹಿಂದಿನಿಂದ, ಆ ಕಚ್ಚಿನ ತಳಕ್ಕಿಂತ ಒಂದೆರಡು ಅಂಗುಲ ಮೇಲಕ್ಕೆ ಕೊಯ್ಯಬೇಕು. ಎರಡೂ ಕೊಯ್ತಗಳನ್ನು ಒಂದಕ್ಕೊಂದು ಸೇರಿಸದೆ ನಡುವೆ ವ್ಯಾಸದ ಹತ್ತನೇ ಒಂದು ಭಾಗದಷ್ಟು ಮರವನ್ನು ಉಳಿಸಬೇಕು. ಇದು ಬಾಗಿಲಿನ ತಿರುಗಣಿಯಂತೆ ಕೆಲಸಮಾಡಿ ಮರವನ್ನು ಗೊತ್ತಾದ ದಿಕ್ಕಿಗೇ ಮಲಗಿಸುತ್ತದೆ. ಇದನ್ನು ಪೂರ್ತಿ ಕೊಯ್ದರೆ ಮರ ಎತ್ತ ಬೀಳುವುದೆಂಬುದು ಗಾಳಿಗೆ ಬಿಟ್ಟದ್ದು.

ಪಕ್ಕದ ಮರಕ್ಕೆ ಸಿಕ್ಕಿಕೊಂಡು ಓರೆಯಾಗಿ ನಿಂತ ಮರದ ಕೆಳಗೆ ಹೋಗಲೇಬಾರದು. ಹಗ್ಗ ಕಟ್ಟಿ ದೂರದಿಂದ ಎಳೆಯಬೇಕು. ಗಾಳಿಗೆ ಬುಡಮೇಲಾಗಿ ಬಿದ್ದ ಮರದಲ್ಲಿ ಬೇರೊಂದು ಮೋಸವುಂಟು. ಕಾಂಡವನ್ನು ಕೊಯ್ದು ಬೇರ್ಪಡಿಸಿದೊಡನೆ ಬೇರಿನ ಮುದ್ದೆ ತನ್ನ ಭಾರಕ್ಕೆ ತಟ್ಟನೆ ಹಿಂದಿನ ಕುಳಿಗೆ ಮರಳಬಹುದು. ಅದರ ಹಿಂದೆ ಆ ಕುಳಿಯಲ್ಲಿ ಯಾರೂ ನಿಂತಿರಬಾರದು. ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡಿರುವ ಕೊಂಬೆಯನ್ನು ಒಂದೇ ಏಟಿಗೆ ಕಡಿದರೆ ಅದು ಮುಖಕ್ಕೆ ಬಡಿಯುತ್ತದೆ. ಬಾಗಿದ ಒಳಮೈಯಿಂದ ಸ್ವಲ್ಪ ಸ್ವಲ್ಪವಾಗಿ ಕೊಯ್ದು ಬಿಗುವನ್ನು ಇಳಿಸಬೇಕು.

ಯಂತ್ರ ಬಂದಿದೆ, ಎಚ್ಚರ ಬಂದಿಲ್ಲ

ಚೈನ್‌ಸಾ ಎಂದು ಕರೆಯುವ ಯಂತ್ರ ಗರಗಸ ಈಗ ಊರೂರಿಗೆ ಬಂದಿದೆ. ಆಳಿನ ಅಭಾವದ ಈ ದಿನಗಳಲ್ಲಿ ಅದು ಉಪಕಾರಿ ಯಂತ್ರವೆಂಬುದರಲ್ಲಿ ಸಂದೇಹವಿಲ್ಲ. ನಾನು ಅದರ ವಿರೋಧಿಯಲ್ಲ. ಆದರೆ ಯಂತ್ರ ಎಷ್ಟು ಬೇಗ ಬಂತೋ ಅದನ್ನು ನಡೆಸುವ ಎಚ್ಚರ ಅಷ್ಟು ಬೇಗ ಬಂದಿಲ್ಲ. ಪಂಚೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ, ಎಂಜಿನ್ ಗರ್ಜಿಸುತ್ತಿರುವ ಗರಗಸವನ್ನು ಒಂದೇ ಕೈಯಲ್ಲಿ ಹಿಡಿದು ಮರ ಹತ್ತುವವರನ್ನು ನೋಡಿದಾಗ ಮೈ ನಡುಗುತ್ತದೆ.

ಪೂರ್ಣ ವೇಗದಲ್ಲಿರುವ ಗರಗಸದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಲಗಿನ ತುದಿಯ ಮೇಲ್ಭಾಗ ಮರಕ್ಕೋ ಅಡ್ಡ ಕೊಂಬೆಗೋ ತಾಗಿದರೆ ಇಡೀ ಯಂತ್ರ ಮೇಲಕ್ಕೆ ಚಿಮ್ಮಿ ನಡೆಸುವವನ ಮುಖ, ಕತ್ತಿನ ಕಡೆಗೆ ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕೈ ಹಿಂದೆಗೆಯಲು ವೇಳೆ ಸಿಗುವುದಿಲ್ಲ. ಆದ್ದರಿಂದ ಎರಡೂ ಕೈಗಳಿಂದ, ಹೆಬ್ಬೆರಳು ಹಿಡಿಯನ್ನು ಸುತ್ತಿ ಬಳಸಿರುವಂತೆ ಗಟ್ಟಿಯಾಗಿ ಹಿಡಿಯಬೇಕು. ಅಲಗಿನ ತುದಿಯಿಂದ ಕೊಯ್ಯಬಾರದು. ಹೆಗಲಿಗಿಂತ ಮೇಲಕ್ಕೆ ಎತ್ತಿ ಕೊಯ್ಯಬಾರದು. ಏಣಿಯ ಮೇಲೆ ನಿಂತು ಬಳಸಬಾರದು. ಚಾಲೂ ಮಾಡುವಾಗ ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಪಾದದಿಂದ ಮೆಟ್ಟಿ, ಸರಪಳಿಯ ಬ್ರೇಕ್ ಹಾಕಿ ಹಗ್ಗ ಎಳೆಯಬೇಕು. ಬ್ರೇಕ್ ಕೆಟ್ಟಿರುವ ಗರಗಸವನ್ನು ರಿಪೇರಿಯಾಗುವವರೆಗೆ ಮುಟ್ಟಬಾರದು. ಪೆಟ್ರೋಲ್ ತುಂಬುವ ಮೊದಲು ಎಂಜಿನ್ ನಿಲ್ಲಿಸಿ ತಣಿಯಲು ಬಿಡಬೇಕು. ಆ ಹೊತ್ತಿನಲ್ಲಿ ಬೀಡಿ ಹಚ್ಚಬಾರದು.

ಗರಗಸ ನಡೆಸುವವರಿಗಾಗಿ ಮಾಡಿದ ಕಾಲುಗವಸುಗಳು ದೊರೆಯುತ್ತವೆ. ಅವುಗಳ ಒಳಗೆ ಉದ್ದನೆಯ ಗಟ್ಟಿ ನೂಲಿನ ಪದರಗಳಿರುತ್ತವೆ. ಸರಪಳಿ ತಾಗಿದರೆ ಈ ನೂಲು ಹೊರಬಂದು ಹಲ್ಲುಗಾಲಿಗೆ ಸುತ್ತಿಕೊಂಡು ಗರಗಸವನ್ನು ನಿಲ್ಲಿಸಿಬಿಡುತ್ತದೆ. ಕಾಲು ಉಳಿಯುತ್ತದೆ. ಇದರೊಂದಿಗೆ ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್, ಕಿವಿಗೆ ಮುಚ್ಚಳ, ಗಟ್ಟಿ ಬೂಟು ಬೇಕು. ಈ ಯಂತ್ರದ ಸದ್ದು 100 ಡೆಸಿಬಲ್ ಮೀರುತ್ತದೆ. ಕಿವಿ ಮುಚ್ಚಿಕೊಳ್ಳದೆ ವರ್ಷಗಟ್ಟಲೆ ನಡೆಸಿದವನಿಗೆ ಕಿವುಡು ತಪ್ಪಿದ್ದಲ್ಲ.

ನನ್ನ ಅಭಿಪ್ರಾಯವಿಷ್ಟು: ಗರಗಸ ಕೊಳ್ಳಲು ಹಣವಿರುವವನು ಕಾಲುಗವಸು, ಹೆಲ್ಮೆಟ್ ಕೊಳ್ಳಲು ಹಣವಿಲ್ಲವೆನ್ನಬಾರದು. ಮಾರುವ ಅಂಗಡಿಯವರು ಇವೆರಡನ್ನೂ ಒಂದೇ ಗಂಟಿನಲ್ಲಿ ಮಾರಬೇಕು, ಅರ್ಧ ದಿನವಾದರೂ ನಡೆಸುವುದನ್ನು ಹೇಳಿಕೊಟ್ಟು ಕಳಿಸಬೇಕು. ಸರ್ಕಾರದ ಸಹಾಯಧನದಲ್ಲಿ ಇಂತಹ ಯಂತ್ರ ಕೊಡುವಲ್ಲೆಲ್ಲ ರಕ್ಷಣಾ ಸಾಧನವನ್ನೂ ಅದರ ಭಾಗವೆಂದೇ ಎಣಿಸಬೇಕು. 2014-15ರಿಂದ ಹೋಬಳಿಗಳಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಯಂತ್ರಗಳನ್ನು ಬಾಡಿಗೆಗೆ ಕೊಡುವಂತೆ ಹೆಲ್ಮೆಟ್, ಕಾಲುಗವಸುಗಳನ್ನೂ ಬಾಡಿಗೆಗೆ ಇಟ್ಟರೆ ವರ್ಷಕ್ಕೆ ನಾಲ್ಕು ದಿನ ಸೌದೆ ಕೊಯ್ಯುವ ಸಣ್ಣ ರೈತನಿಗೂ ಅವು ದಕ್ಕುತ್ತವೆ.

ಕೂಲಿಯವನ ಕಾಲೂ ಕಾಲೇ

ನಮ್ಮಲ್ಲಿ ಸೌದೆ ಕಡಿಸುವುದು ಹೆಚ್ಚಾಗಿ ಗುತ್ತಿಗೆಯ ಮೇಲೆ. ಇಷ್ಟು ಸೌದೆಗೆ ಇಷ್ಟು ಹಣ ಎಂದು ಮಾತಾದ ಮೇಲೆ ಬೇಗ ಮುಗಿಸಿದವನಿಗೆ ಲಾಭ. ಅವನು ಓಡುವ ದಾರಿ ಸವರುತ್ತಾ ಕೂರುವುದಿಲ್ಲ, ಸಾಣೆಗೆ ಅರ್ಧ ಗಂಟೆ ಕೊಡುವುದಿಲ್ಲ. ಈ ಪದ್ಧತಿಯೇ ಅವಸರವನ್ನು ಕಟ್ಟಿಕೊಡುತ್ತದೆ. ಸೀಳುವುದು, ಒಟ್ಟುವುದು ಬೇಕಾದರೆ ಗುತ್ತಿಗೆಯ ಮೇಲೆ ನಡೆಯಲಿ. ಮರ ಬೀಳಿಸುವ ಕೆಲಸವನ್ನು ಮಾತ್ರ ದಿನಗೂಲಿಯ ಮೇಲೆ, ಇಬ್ಬರನ್ನು ಜೊತೆಗೆ ಹಾಕಿ ಮಾಡಿಸಬೇಕು. ಒಬ್ಬನೇ ಕಾಡಿಗೆ ಹೋಗಿ ಗಾಯ ಮಾಡಿಕೊಂಡರೆ ಕೂಗಿದರೂ ಕೇಳುವವರಿಲ್ಲ. ಎರಡು ಆಳಿನ ಕೂಲಿ ಹೆಚ್ಚೆನಿಸಬಹುದು. ಆದರೆ ಒಂದು ದಿನದ ಆಸ್ಪತ್ರೆಯ ಖರ್ಚಿನ ಮುಂದೆ ಅದು ಏನೂ ಅಲ್ಲ.

ನಮ್ಮ ತಂದೆ, ಅಜ್ಜಂದಿರು ಬರಿಗಾಲಲ್ಲೇ ಕಡಿದರಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅವರು ಹುಡುಗತನದಿಂದ ಕೊಡಲಿ ಹಿಡಿದು ಪಳಗಿದವರು, ಯಂತ್ರದ ವೇಗ ಅವರ ಕೈಯಲ್ಲಿರಲಿಲ್ಲ. ಅವರಲ್ಲೂ ಬೆರಳು ಕಳೆದುಕೊಂಡವರು, ಕುಂಟಿದವರು ಇದ್ದರು ಎಂಬುದನ್ನು ಮರೆಯಬಾರದು.

2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕ್ ಅಥವಾ ಅಂಚೆ ಖಾತೆಯಿರುವ 18ರಿಂದ 70 ವಯಸ್ಸಿನವರು ವರ್ಷಕ್ಕೆ 20 ರೂಪಾಯಿ ಕೊಟ್ಟು ಸೇರಬಹುದು. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ ರೂಪಾಯಿ, ಒಂದು ಕೈ, ಒಂದು ಕಾಲು ಇಲ್ಲವೇ ಒಂದು ಕಣ್ಣು ಶಾಶ್ವತವಾಗಿ ಹೋದರೆ 1 ಲಕ್ಷ ರೂಪಾಯಿ ಪರಿಹಾರವುಂಟು. ತನ್ನ ಕೆಲಸಕ್ಕೆ ಬರುವ ಪ್ರತಿಯೊಬ್ಬ ಆಳಿನ ಹೆಸರಿನಲ್ಲಿಯೂ ಈ 20 ರೂಪಾಯಿ ತುಂಬಿಸುವುದು ಜಮೀನಿನ ಯಜಮಾನನ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಉಣುಗಿನ ಕಾಲ

ಬೇಗ ಕಡಿಯಿರಿ ಎಂದು ಮೇಲೆ ಹೇಳಿದ್ದಕ್ಕೆ ಒಂದು ಆಕ್ಷೇಪಣೆ ಬರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗುಗಳು ಹೆಚ್ಚಾಗಿರುವ ಕಾಲ. ಸೌದೆಗೆ, ತರಗಿಗೆ ಕಾಡಿಗೆ ಹೋಗುವವರಿಗೇ ಈ ಕಾಯಿಲೆ ಹೆಚ್ಚು. ಈ ಆಕ್ಷೇಪಣೆ ನ್ಯಾಯವಾದುದು. ಆದರೆ ಮೇ ತಿಂಗಳವರೆಗೆ ತಡೆದರೂ ಈ ಭಯ ತಪ್ಪುವುದಿಲ್ಲ. ಆದ್ದರಿಂದ ಕಾಡಿಗೆ ಹೋಗುವುದನ್ನೇ ಕಡಿಮೆ ಮಾಡುವುದು ಸರಿಯಾದ ಮಾರ್ಗ.

ಗದ್ದೆ, ತೋಟದ ಬದುಗಳ ಮೇಲೆ ಗ್ಲಿರಿಸೀಡಿಯ ಗೂಟಗಳನ್ನು ನೆಡಿ. ಸೊಪ್ಪು ಹಸಿರೆಲೆ ಗೊಬ್ಬರವಾಗುತ್ತದೆ, ಕೊಂಬೆ ಸೌದೆಯಾಗುತ್ತದೆ. ದಪ್ಪ ದಿಮ್ಮಿಯ ಸೌದೆಯೇ ಶ್ರೇಷ್ಠವೆಂಬ ನಂಬಿಕೆ ಇದೆ. ಆದರೆ ಚೆನ್ನಾಗಿ ಒಣಗಿದ ಮೇಲೆ ತೂಕಕ್ಕೆ ತೂಕ ಎಲ್ಲ ಜಾತಿಯ ಮರಗಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಶಾಖ ಕೊಡುತ್ತವೆ. ಹಗುರವಾದ ಮರ ಬೇಗ ಉರಿದು ಮುಗಿಯುತ್ತದೆ ಅಷ್ಟೆ. ಮಣಿಕಟ್ಟಿನ ಗಾತ್ರದ ಕೊಂಬೆಯನ್ನು ನೆಲದ ಮೇಲೆ ನಿಂತು ಕತ್ತಿ ಅಥವಾ ಕೈಗರಗಸದಿಂದ ಕೊಯ್ಯಬಹುದು. ಮರ ಹತ್ತುವುದು ಬೇಕಿಲ್ಲ, ಬೀಳಿಸುವುದು ಬೇಕಿಲ್ಲ, ಸೀಳುವುದೂ ಬೇಕಿಲ್ಲ. ಇದಕ್ಕಿಂತ ಸುರಕ್ಷಿತವಾದ ಸೌದೆ ಇನ್ನೊಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆಯಂತಹ ಸುಧಾರಿತ ಒಲೆಗಳಿಗೆ ಹೊಂದುವುದೂ ಇಂತಹ ಸಣ್ಣ ಸೌದೆಯೇ.

ಕಾಡಿಗೆ ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಹಂಚುವ ಡೀಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಂಡು ಹೋಗಬೇಕು. ತರಗೆಲೆಯ ಮೇಲೆ ಕೂರಬಾರದು. ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿ ಬಂದ ದಿನಗಳಲ್ಲಿ ಒಮ್ಮೆಲೇ ಜ್ವರ, ತಲೆನೋವು ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಗಾಯವಾದಲ್ಲಿ

ಎಷ್ಟೇ ಎಚ್ಚರ ವಹಿಸಿದರೂ ಗಾಯವಾಗಬಹುದು. ಗಾಯಕ್ಕೆ ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ ಹಾಕುವ ಪದ್ಧತಿಯನ್ನು ಬಿಡಬೇಕು. ಶುಚಿಯಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಟ್ಟು ಒತ್ತಬೇಕು. ಕೈ ಅಥವಾ ಕಾಲಿನ ಗಾಯದಿಂದ ಚಿಮ್ಮುವ ರಕ್ತ ಒತ್ತಿದರೂ ನಿಲ್ಲದಿದ್ದರೆ ಮಾತ್ರ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಸಮಯವನ್ನು ಬರೆದಿಟ್ಟು, ಬಿಚ್ಚದೆ ಆಸ್ಪತ್ರೆಗೆ ಸಾಗಿಸಬೇಕು. 108ಕ್ಕೆ ಕರೆಮಾಡಿ. ಮೊಬೈಲಿಗೆ ಸಿಗ್ನಲ್ ಸಿಗುವ ಜಾಗ ಎಲ್ಲಿದೆ, ವಾಹನ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಕೆಲಸಕ್ಕೆ ಇಳಿಯುವ ಮೊದಲೇ ತಿಳಿದುಕೊಂಡಿರಬೇಕು.

ಮಳೆಗಾಲದಲ್ಲಿ ಸೌದೆ ಕೊಟ್ಟಿಗೆ ಹಾವು ಚೇಳುಗಳ ಮನೆ. ಬರಿಗೈ ಹಾಕುವ ಮೊದಲು ಕೋಲಿನಿಂದ ಸರಿಸಿ, ಬೆಳಕು ಬಿಟ್ಟು ನೋಡುವ ಅಭ್ಯಾಸವನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ಹೇಳಿಕೊಡಬೇಕು. ಸೌದೆಯನ್ನು ನೆಲದಿಂದ ಒಂದಡಿ ಎತ್ತರದ ಅಟ್ಟಣೆಯ ಮೇಲೆ ಒಟ್ಟಿದರೆ ಗಾಳಿಯೂ ಆಡುತ್ತದೆ, ಹಾವಿಗೂ ಮರೆ ಕಡಿಮೆ.

ರೈತ ಬಾಂಧವರು ಬೀಜ, ಗೊಬ್ಬರ, ನೀರಿನ ಲೆಕ್ಕವನ್ನು ವರ್ಷದ ಮೊದಲೇ ಹಾಕುತ್ತಾರೆ. ಸೌದೆಯ ಲೆಕ್ಕವನ್ನೂ ಆ ಪಟ್ಟಿಗೆ ಸೇರಿಸಲಿ. ಯಾವ ಮರ, ಯಾವ ತಿಂಗಳು, ಯಾರಿಬ್ಬರು, ಯಾವ ಹತ್ಯಾರು ಎಂದು ಸುಗ್ಗಿ ಮುಗಿಯುವ ಮೊದಲೇ ಗೊತ್ತುಮಾಡಿಕೊಳ್ಳಲಿ. ಹೊಲದಲ್ಲಿ ಬೆಳೆ ಹೋದರೆ ಮುಂದಿನ ವರ್ಷ ಬೆಳೆಯಬಹುದು. ಕೈಕಾಲು ಹೋದರೆ ಯಾವ ಮಳೆಗೂ ಅದು ಮತ್ತೆ ಚಿಗುರುವುದಿಲ್ಲ.